ಜೋಳಿಗೆಯೂ ಬೆನ್ನುಚೀಲವೂ



ಕಳೆದ ಮಾಘಮಾಸದ ಒಂದು ಸಂಜೆ ತಣಿಸಂದ್ರದ ನಮ್ಮ ಮನೆಯ ಪಡಸಾಲೆಯಲ್ಲಿ ಸಣ್ಣದೊಂದು ವಾಗ್ವಾದ ನಡೆಯಿತು. ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳ ಮಗ ಗೆಳೆಯನೊಬ್ಬನಿಂದ ದೊಡ್ಡ ಬೆನ್ನುಚೀಲವನ್ನು ಎರವಲು ತಂದು ಅದರೊಳಗೆ ಬಟ್ಟೆಬರೆ, ನೀರಿನ ಸೀಸೆ, ಕ್ಯಾಮೆರಾ ಮೊದಲಾದವನ್ನು ತುಂಬುತ್ತಿದ್ದ. ಉಡುಪಿಯ ಸಮೀಪ ಮಲ್ಪೆಯ ಕಡಲಿನಲ್ಲಿರುವ ಸೇಂಟ್ ಮೇರೀಸ್ ದ್ವೀಪಕ್ಕೆ ಒಬ್ಬನೇ ಹೋಗಿಬರಬೇಕೆಂಬುದು ಅವನ ಸಂಕಲ್ಪ. ಅವನ ತಾಯಿ ಒಪ್ಪಲಿಲ್ಲ. ಆಕೆಯ ಭಯಕ್ಕೆ ಆಧಾರವಿತ್ತು. 2022ರ ಏಪ್ರಿಲ್ ತಿಂಗಳಿನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ವಿದ್ಯಾರ್ಥಿಗಳು ಅದೇ ದ್ವೀಪದ ಬಳಿ ಕಡಲಿನ ಪಾಲಾದ ಸುದ್ದಿಯನ್ನು ಆಕೆ ಮರೆತಿರಲಿಲ್ಲ. "ಈಜು ಬಾರದವನು ನೀನು, ಒಬ್ಬನೇ ಹೋಗುವುದು ಬೇಡ" ಎಂದಳು. ಮಗ ಮುಖ ಊದಿಸಿಕೊಂಡ. ಕೊನೆಗೆ ಒಂದು ರಾಜಿಯಾಯಿತು: "ತಾತನನ್ನು ಜೊತೆಗೆ ಕರೆದುಕೊಂಡು ಹೋಗುವುದಾದರೆ ಹೋಗು."

ಹೀಗೆ ಅರವತ್ತಾರರ ವಯಸ್ಸಿನಲ್ಲಿ ಈ ಲೇಖಕನಿಗೆ ದ್ವೀಪಯಾತ್ರೆಯ ಯೋಗ ಕೂಡಿಬಂತು. ನಾನು ನನ್ನ ಹಳೆಯ ಬಟ್ಟೆಯ ಚೀಲವನ್ನು ಹೆಗಲಿಗೇರಿಸಿದೆ. ಪೂಜಾ ಸಾಮಗ್ರಿ, ಒಂದು ಜೊತೆ ಪಂಚೆ-ಅಂಗಿ, ಒಂದು ತಂಬಿಗೆ, ಒಂದಿಷ್ಟು ಚಟ್ನಿಪುಡಿ ಹಾಗೂ ರೊಟ್ಟಿ. ಮೊಮ್ಮಗ ನನ್ನ ಚೀಲ ನೋಡಿ ನಕ್ಕ. "ತಾತ, ಇಷ್ಟರಲ್ಲೇ ಎರಡು ದಿನ ಸಾಗುತ್ತದೆಯೆ?" ಎಂದು ಕೇಳಿದ. ಆಗ ನನಗೆ ಮಠದಲ್ಲಿ ಓದುತ್ತಿದ್ದ ದಿನಗಳು ನೆನಪಾದವು. ಬೆಳಗಿನ ಪೂಜೆಯಾದ ಬಳಿಕ ನಾವು ಹುಡುಗರು ಹಿರಿಯರೊಬ್ಬರ ಹಿಂದೆ ಜೋಳಿಗೆ ಹಿಡಿದು ಊರೊಳಗೆ ಭಿಕ್ಷೆಗೆ ಹೋಗುತ್ತಿದ್ದೆವು. ಆ ದಿನದ ಪ್ರಸಾದಕ್ಕೆ ಸಾಲುವಷ್ಟು ದೊರೆತೊಡನೆ ಹಿಂದಿರುಗಬೇಕು. ಹೋದ ಮನೆಯ ಮುಂದೆ ಮತ್ತೆ ನಿಲ್ಲಬಾರದು. ಸಂಜೆ ಜೋಳಿಗೆಯನ್ನು ತೊಳೆದು, ಬರಿದುಮಾಡಿ ಗೂಟಕ್ಕೆ ತೂಗುಹಾಕಬೇಕು. ಇವು ಅಲ್ಲಿನ ಕಟ್ಟಳೆಗಳಾಗಿದ್ದವು. "ಜೋಳಿಗೆ ಹಗುರವಾಗಿದ್ದರೆ ಕಾಲು ಹಗುರ, ಆಗ ನೀವು ಹೋದ ಊರಿಗೂ ಭಾರವಾಗುವುದಿಲ್ಲ" ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಮಾತಿನ ಪೂರ್ವಾರ್ಧ ಮಾತ್ರ ಅಂದು ನನಗೆ ಅರ್ಥವಾಗಿತ್ತು. ಉತ್ತರಾರ್ಧ ತಿಳಿಯಬೇಕಾದರೆ ಈ ದ್ವೀಪಕ್ಕೇ ಹೋಗಬೇಕಾಯಿತೆಂದು ಕಾಣುತ್ತದೆ.

ತಣಿಸಂದ್ರದಿಂದ ಮೆಜೆಸ್ಟಿಕ್ಕಿಗೆ ಬಂದು ರಾತ್ರಿಯ ಬಸ್ಸನ್ನು ಹಿಡಿದೆವು. ಹಾಸನ, ಶಿರಾಡಿ ಘಾಟಿ, ಮಂಗಳೂರುಗಳನ್ನು ನಿದ್ದೆಯಲ್ಲಿಯೇ ದಾಟಿ ಬೆಳಗಾಗುವ ಹೊತ್ತಿಗೆ ಉಡುಪಿಯಲ್ಲಿಳಿದೆವು. ಸ್ನಾನ, ಪೂಜೆ, ಉಪಾಹಾರ ಮುಗಿಸಿಕೊಂಡು ಮಲ್ಪೆಗೆ ಹೊರಟೆವು. ಅಂದು ಭಾನುವಾರ. ಬಂದರಿನ ರಸ್ತೆಯುದ್ದಕ್ಕೂ ದಾವಣಗೆರೆ, ಹುಬ್ಬಳ್ಳಿ, ತುಮಕೂರು, ಶಿವಮೊಗ್ಗಗಳ ಬಸ್ಸುಗಳು ನಿಂತಿದ್ದವು. ಸಮವಸ್ತ್ರ ತೊಟ್ಟ ಶಾಲಾಮಕ್ಕಳು, ಹೊಸದಾಗಿ ಮದುವೆಯಾದವರು, ಮೊಮ್ಮಕ್ಕಳ ಕೈಹಿಡಿದ ಅಜ್ಜಿಯರು ಎಲ್ಲರೂ ದೋಣಿಯ ಚೀಟಿಗಾಗಿ ಸಾಲುಗಟ್ಟಿದ್ದರು. ಬಿಸಿಲಿನಲ್ಲಿ ಒಂದು ಗಂಟೆ ನಿಂತ ಮೇಲೆ ನಮ್ಮ ಸರದಿ ಬಂತು. ಯಂತ್ರದ ದೋಣಿಯಲ್ಲಿ ಕಿವಿಗಡಚಿಕ್ಕುವ ಚಲನಚಿತ್ರಗೀತೆ. ನನ್ನ ಮೊಮ್ಮಗನ ಉತ್ಸಾಹ ಅರ್ಧಕ್ಕಿಳಿದಿತ್ತು.

"ತಾತ, ನಾನು ನೋಡಿದ ಚಿತ್ರದಲ್ಲಿ ಒಬ್ಬರೂ ಇರಲಿಲ್ಲ. ಬರೀ ಕಲ್ಲು, ತೆಂಗಿನಮರ, ನೀಲಿ ನೀರು. ಇಲ್ಲಿ ನೋಡಿದರೆ ಸಂತೆ ಸೇರಿದೆ" ಎಂದು ಗೊಣಗಿದ.

"ಆ ಚಿತ್ರ ತೆಗೆದವನಾದರೂ ಅಲ್ಲಿದ್ದನಲ್ಲವೇನಪ್ಪಾ? ಅವನೊಬ್ಬನನ್ನು ಬಿಟ್ಟು ಎಣಿಸಿದ್ದೀಯೆ" ಎಂದೆ. ಅವನು ಸುಮ್ಮನಾದ.

ಮಲ್ಪೆಯಿಂದ ಆರೇಳು ಕಿಲೋಮೀಟರು ದೂರ, ಅರ್ಧ ಗಂಟೆಯ ಪಯಣ. ಒಂದೇ ದ್ವೀಪವೆಂದು ನಾವು ಕರೆಯುವುದು ವಾಸ್ತವವಾಗಿ ನಾಲ್ಕು ಮುಖ್ಯ ದ್ವೀಪಗಳ ಒಂದು ಸಾಲು. ಸ್ಥಳೀಯರು ಇದನ್ನು ತೋನ್ಸೆಪಾರ್ ಎಂದು ಕರೆಯುತ್ತಾರೆ. ಪ್ರವಾಸಿಗಳು ಇಳಿಯುವುದು ತೆಂಗಿನ ದ್ವೀಪವೆಂಬುದರಲ್ಲಿ. ಉದ್ದ ಸುಮಾರು 500 ಮೀಟರು, ಅಗಲ ಸುಮಾರು 100 ಮೀಟರು, ಅಷ್ಟೆ. ನಮ್ಮ ಕಡೆಯ ಒಂದು ಸಣ್ಣ ತೋಟದಷ್ಟು ನೆಲ! ಜನವಸತಿಯಿಲ್ಲ, ರಾತ್ರಿ ತಂಗುವಂತಿಲ್ಲ. ಇಷ್ಟು ಕಿರಿದಾದ ನೆಲದ ಮೇಲೆ ರಜಾದಿನಗಳಲ್ಲಿ ಎಷ್ಟು ಪಾದಗಳು ಊರುತ್ತವೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಆದರೂ ಬಂಧುಗಳೆ, ಆ ದ್ವೀಪದ ಸೊಬಗನ್ನು ಏನೆಂದು ಬಣ್ಣಿಸಲಿ! ಯಾವನೋ ಮಹಾಶಿಲ್ಪಿ ಅಳತೆಯಿಟ್ಟು ಕಡೆದು ಒತ್ತೊತ್ತಾಗಿ ನಿಲ್ಲಿಸಿದಂತೆ ಕಲ್ಲಿನ ಕಂಬಗಳು. ಕೆಲವಕ್ಕೆ ಐದು ಮುಖ, ಹಲವಕ್ಕೆ ಆರು, ಕೆಲವಕ್ಕೆ ಏಳು. ಕೆಲವು ಮೊಣಕಾಲೆತ್ತರ, ಕೆಲವು ಆಳುದ್ದಕ್ಕೂ ಮಿಗಿಲು. ಅಲೆಗಳು ಬಂದು ಆ ಕಂಬಗಳ ನಡುವೆ ನುಗ್ಗಿ ಬೆಳ್ಳನೆಯ ನೊರೆಯಾಗಿ ಹಿಂದಿರುಗುತ್ತವೆ. ಕಡೆದ ಶಿಲ್ಪಿ ಯಾರೆಂದು ಕೇಳಿದರೆ ವಿಜ್ಞಾನಿಗಳು ಹೇಳುವ ಕಥೆ ಪುರಾಣಕ್ಕಿಂತ ಕಡಿಮೆಯದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭೂಭಾಗವು ನಮ್ಮ ಭಾರತದ ಪಶ್ಚಿಮ ಅಂಚಿನಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಭೂಗರ್ಭದಿಂದ ಉಕ್ಕಿದ ಲಾವಾರಸವೇ ಇದು. ಮಹಾರಾಷ್ಟ್ರದಿಂದ ನಮ್ಮ ಉತ್ತರ ಕರ್ನಾಟಕದವರೆಗೆ ಹರಡಿರುವ ದಖ್ಖಣದ ಕಪ್ಪುಕಲ್ಲಿಗಿಂತ ಇದು ಎರಡು ಕೋಟಿ ವರ್ಷಗಳಷ್ಟು ಹಿರಿಯದು. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಕೆಸರು ಒಣಗುತ್ತ ಕುಗ್ಗಿ, ಹಂಚು ಜೋಡಿಸಿದಂತೆ ಬಿರಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಕೆಸರು ಒಣಗಿ ಕುಗ್ಗುವಂತೆ ಲಾವಾರಸವು ಆರುತ್ತ ಕುಗ್ಗುತ್ತದೆ. ಮೇಲಿನಿಂದ ಆರಂಭವಾದ ಬಿರುಕು ಆರಿದಷ್ಟೂ ಆಳಕ್ಕಿಳಿಯುತ್ತದೆ. ಹಾಗೆ ಉಳಿದುದೇ ಈ ಕಂಬಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ನಮ್ಮ ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೂ ಇದೇ ಗೌರವ ದೊರೆತಿರುವುದನ್ನು ಅನೇಕರು ಅರಿಯರು.

ಇಂತಹ ನೆಲಕ್ಕೆ ಬಂದವರೆಲ್ಲ ಏನು ಮಾಡಿದರು? ಇತಿಹಾಸವನ್ನು ನೋಡಿ. 1498ರಲ್ಲಿ ಪೋರ್ಚುಗಲ್ಲಿನ ನಾವಿಕ ವಾಸ್ಕೋ ಡ ಗಾಮ ಇಲ್ಲಿ ಇಳಿದು, ಶಿಲುಬೆಯ ಕಲ್ಲುಕಂಬವೊಂದನ್ನು ನೆಟ್ಟು, ಮೇರಿಮಾತೆಯ ಹೆಸರಿಟ್ಟನೆಂದು ಪ್ರತೀತಿ. ಇಂದಿನ ಹೆಸರು ಬಂದದ್ದು ಅದರಿಂದಲೇ ಎನ್ನುತ್ತಾರೆ. ಕಂಬಗಳಿಂದಲೇ ಆದ ದ್ವೀಪದಲ್ಲಿ ಮನುಷ್ಯನು ತನ್ನದೊಂದು ಕಂಬವನ್ನು ಬೇರೆ ನೆಡಬೇಕೆ? ಇನ್ನು ನಮ್ಮವರ ವಿಷಯ. ಈ ಸಾಲಿನಲ್ಲಿ ದರಿಯಾ ಬಹಾದ್ದೂರ್ ಗಡವೆಂಬ ದ್ವೀಪವುಂಟು. ಅದರ ಮೇಲೆ ಕೋಟೆ ಕಟ್ಟಿಸಿದವನು ಬಿದನೂರಿನ ಬಸಪ್ಪನಾಯಕ. ಕೆಳದಿಯ ಅರಸರು ವೀರಶೈವರು. ಮಲೆನಾಡಿನಿಂದ ಕರಾವಳಿಯವರೆಗೆ ಆಳಿದವರು. ವಿದ್ಯೆಗೂ ಧರ್ಮಕ್ಕೂ ಆಶ್ರಯ ಕೊಟ್ಟವರು. ಶಿವತತ್ತ್ವರತ್ನಾಕರದಂತಹ ಮಹಾಗ್ರಂಥ ಆ ಮನೆತನದಿಂದಲೇ ಬಂದದ್ದು. ಹೊನ್ನಾವರದ ಬಳಿಯ ಕಡಲಿನಲ್ಲಿ ಬಸವರಾಜದುರ್ಗವೆಂಬ ಇನ್ನೊಂದು ದ್ವೀಪವೂ ಅವರ ನೆನಪನ್ನು ಉಳಿಸಿಕೊಂಡಿದೆ. ನಾಡಿನ ರಕ್ಷಣೆಗೆ ಕಡಲಿನಲ್ಲಿಯೂ ಕಾವಲಿರಬೇಕೆಂದು ಅವರು ಅರಿತಿದ್ದರೆಂಬುದು ನಮಗೆ ಹೆಮ್ಮೆಯ ಸಂಗತಿಯೇ. ಆದರೆ 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು, ಕೋಟೆ ಪಾಳುಬಿತ್ತು. ಕಂಬ ನೆಟ್ಟವನು ಹೋದ, ಕೋಟೆ ಕಟ್ಟಿದವನು ಹೋದ. ಉಳಿದದ್ದು ಯಾರೂ ನೆಡದ ಕಂಬಗಳು, ಯಾರೂ ಕರೆಯದ ಅಲೆಗಳು.

ನಾನು ಹೀಗೆ ಇತಿಹಾಸದಲ್ಲಿ ಮುಳುಗಿ ತೆಂಗಿನ ನೆರಳಿನಲ್ಲಿ ಕುಳಿತಿದ್ದಾಗ ತಟ್ಟನೆ ಸೀಟಿಯ ಸದ್ದು ಕೇಳಿತು. ಒಂದು ಬಾರಿಯಲ್ಲ, ಮೂರು ನಾಲ್ಕು ಬಾರಿ. ತಲೆಯೆತ್ತಿ ನೋಡಿದರೆ, ಪ್ರವಾಸಿಗಳು ದಾಟಬಾರದೆಂದು ಕಟ್ಟಿದ್ದ ಹಗ್ಗದ ಆಚೆಗೆ, ನೀರಿಗೆ ಚಾಚಿದ ಕಂಬಗಳ ತುದಿಯಲ್ಲಿ, ಬೆನ್ನುಚೀಲ ಹೊತ್ತ ಒಂದು ಆಕೃತಿ. ನನ್ನ ಎದೆ ಝಲ್ಲೆಂದಿತು. ಅದು ನಮ್ಮ ಹುಡುಗನೇ. ಜನರಿಲ್ಲದ ಚಿತ್ರವೊಂದು ಬೇಕೆಂದು ಗುಂಪನ್ನು ತಪ್ಪಿಸಿ ಅಲ್ಲಿಗೆ ಹೋಗಿದ್ದ. ಅಲೆಯೊಂದು ಅವನ ಮೊಣಕಾಲಿನವರೆಗೆ ಬಂದು ಹಿಂದೆ ಸರಿಯಿತು. ಆ ಕ್ಷಣದಲ್ಲಿ ನನ್ನ ಕಣ್ಣಿಗೆ ಕಂಡದ್ದು ಕಡಲಲ್ಲ, ತಣಿಸಂದ್ರದ ಬಾಗಿಲಲ್ಲಿ ನಿಂತ ಮಗಳ ಮುಖ. ಜೀವರಕ್ಷಕನೊಬ್ಬ ಓಡಿಹೋಗಿ, ಕೈನೀಡಿ, ಒಂದೊಂದೇ ಕಲ್ಲಿನ ಮೇಲೆ ಹೆಜ್ಜೆ ಇಡಿಸುತ್ತ ಅವನನ್ನು ಈಚೆಗೆ ಕರೆತಂದ.

"ಆ ಕಲ್ಲು ಜಾರ್ತದೆ ಮಾರಾಯ್ರೆ, ಪಾಚಿ ಉಂಟು. ಈಜು ಬಂದ್ರೂ ಅಲ್ಲಿ ಪ್ರಯೋಜನ ಇಲ್ಲ, ಅಲೆ ತಂದು ಕಲ್ಲಿಗೇ ಹೊಡೀತದೆ. ಚಂದದ ಫೋಟೋ ಬೇಕಂತಲೇ ಎಲ್ಲರೂ ಅಲ್ಲಿಗೆ ಹೋಗೂದು" ಎಂದ ಆತ. ಗದರಲಿಲ್ಲ, ದಿನವೂ ಹೇಳಿ ಹೇಳಿ ದಣಿದ ದನಿ ಅದು. ನಾನು ಆತನಿಗೆ ಕೈಮುಗಿದೆ. ಹುಡುಗನಿಗೆ ಮಾತ್ರ ಸಾಕಷ್ಟು ಹೇಳಿದೆ. ನಿಯಮವೆಂಬುದು ಪರರಿಗೆ ಮಾತ್ರವೆಂದು ತಿಳಿಯುವುದು ಅಹಂಕಾರ. ಈ ದ್ವೀಪ ನಿನ್ನೊಬ್ಬನದಾಗಬೇಕೆಂಬ ಆಸೆಯೇ ನಿನ್ನನ್ನು ಆ ತುದಿಗೆ ಕರೆದೊಯ್ದದ್ದು ಎಂದೆಲ್ಲ ಉಪದೇಶ ಮಾಡಿದೆ. ಅವನು ತಲೆತಗ್ಗಿಸಿ ಕೇಳಿದ.

ಮಧ್ಯಾಹ್ನ ಹಿಂದಿರುಗುವ ದೋಣಿಗಾಗಿ ಸಾಲಿನಲ್ಲಿ ನಿಂತೆವು. ನೀರು ಕುಡಿಯಲೆಂದು ತಂಬಿಗೆ ತೆಗೆಯಹೋಗಿ ಮೊಮ್ಮಗ ನನ್ನ ಚೀಲದೊಳಗೆ ಕೈಹಾಕಿದ. ಹೊರಗೆ ಬಂದದ್ದು ಪಂಚೆಯ ಅಂಚಿನಲ್ಲಿ ಗಂಟುಕಟ್ಟಿದ್ದ ಕಡಲಚಿಪ್ಪುಗಳು. ಎರಡು ಹಿಡಿಯಷ್ಟಿದ್ದವು.

"ತಾತ, ಇದೇನು?"

"ಮನೆಯಲ್ಲಿ ಸಣ್ಣ ಮಕ್ಕಳಿವೆಯಲ್ಲಪ್ಪಾ, ಅವಕ್ಕೆಂದು..." ಎಂದೆ.

ಅವನು ಚಿಪ್ಪುಗಳನ್ನು ನೋಡಿದ, ದಡವನ್ನು ನೋಡಿದ. ಆ ದ್ವೀಪದ ಒಂದು ಪಕ್ಕದ ದಡ ಮರಳಿನದಲ್ಲ; ನೋಡಿದಷ್ಟೂ ಚಿಪ್ಪುಗಳದೇ. ಅಲೆಗಳು ತಂದು ಹಾಸಿದ ಚಿಪ್ಪು ಒಡೆದು, ಸವೆದು, ಪುಡಿಯಾಗಿ ದಡವಾಗುತ್ತದೆ. "ತಾತ, ನಾನು ಹಗ್ಗ ದಾಟಿದ್ದು ತಪ್ಪು. ಒಪ್ಪಿದೆ. ಆದರೆ ಈ ದಡವೇ ಚಿಪ್ಪಿನದು. ಈ ಸಾಲಿನಲ್ಲಿ ನಿಂತವರೆಲ್ಲ ಎರಡೆರಡು ಹಿಡಿ ಒಯ್ದರೆ?" ಎಂದ. ಮಾತಿನಲ್ಲಿ ಅವಿಧೇಯತೆಯಿರಲಿಲ್ಲ. ಅದಕ್ಕೇ ಅದು ನೇರವಾಗಿ ನಾಟಿತು. ಆ ದಿನದ ಜೋಳಿಗೆ ಆ ದಿನಕ್ಕೆ ಸಾಕೆಂದು ಬಾಲ್ಯದಲ್ಲಿ ಕಲಿತವನು, ನೂರಾರು ವೇದಿಕೆಗಳಲ್ಲಿ ಅಪರಿಗ್ರಹವನ್ನು ಕುರಿತು ಮಾತನಾಡಿದವನು, ಒಂದು ಗಂಟೆಯ ಹಿಂದೆಯಷ್ಟೆ ಅವನಿಗೆ ಉಪದೇಶ ಮಾಡಿದವನು, ಕೈಯಲ್ಲಿ ಗಂಟು ಹಿಡಿದು ನಿಂತಿದ್ದೆ. ಅವನು ಆ ದ್ವೀಪವನ್ನು ಚಿತ್ರದಲ್ಲಿ ತನ್ನದಾಗಿಸಿಕೊಳ್ಳಲು ಹೋದ, ನಾನು ಗಂಟಿನಲ್ಲಿ. ಇಬ್ಬರ ಆಸೆಗೂ ಭೇದವೇನು?

ಸಾಲನ್ನು ಬಿಟ್ಟು ಚಿಪ್ಪಿನ ದಡಕ್ಕೆ ಹೋಗಿ ಗಂಟು ಬಿಚ್ಚಿದೆ. ಅಷ್ಟರಲ್ಲಿ ನಮ್ಮ ದೋಣಿ ಹೊರಟುಹೋಯಿತು. ಮುಂದಿನದಕ್ಕಾಗಿ ಮುಕ್ಕಾಲು ಗಂಟೆ ಕಾಯಬೇಕಾಯಿತು. ಆ ಹೊತ್ತಿನಲ್ಲಿ ಮೊಮ್ಮಗ ತಾನು ಓದಿದ್ದ ಸಂಗತಿಯೊಂದನ್ನು ಹೇಳಿದ. ಥಾಯ್ಲೆಂಡ್ ದೇಶದಲ್ಲಿ ಮಾಯಾ ಕೊಲ್ಲಿಯೆಂಬ ಕಡಲತೀರವಿದೆ. ಬೆನ್ನುಚೀಲ ಹೊತ್ತ ಯುವಕನೊಬ್ಬ ಯಾರೂ ಅರಿಯದ ದ್ವೀಪವನ್ನು ಹುಡುಕಿ ಹೋಗುವ ಕಥೆಯ ಚಲನಚಿತ್ರವೊಂದು ಅಲ್ಲಿ ತಯಾರಾಗಿ 2000ದಲ್ಲಿ ತೆರೆಕಂಡಿತು. ಅದನ್ನು ನೋಡಿದವರೆಲ್ಲ ಆ ಯಾರೂ ಅರಿಯದ ದ್ವೀಪಕ್ಕೆ ಹೊರಟರು! ಜನಸಂದಣಿಯ ದಿನಗಳಲ್ಲಿ 5,000 ಮಂದಿ ಬಂದರಂತೆ. ದೋಣಿಗಳ ಲಂಗರು ಬಡಿದು ಹವಳದ ದಿಬ್ಬಗಳು ನಾಶವಾದವು. ಕೊನೆಗೆ 2018ರ ಜೂನ್‌ನಲ್ಲಿ ಸರ್ಕಾರ ಆ ತೀರವನ್ನು ಮುಚ್ಚಿತು. ಮತ್ತೆ ತೆರೆದದ್ದು 2022ರ ಜನವರಿಯಲ್ಲಿ, ಅದೂ ಜನರ ಸಂಖ್ಯೆಗೆ ಮಿತಿ ಹಾಕಿ, ದೋಣಿಗಳು ಕೊಲ್ಲಿಯೊಳಗೆ ಬಾರದಂತೆ ತಡೆದು. ಮನುಷ್ಯರಿಲ್ಲದ ಆ ದಿನಗಳಲ್ಲಿ ಕಣ್ಮರೆಯಾಗಿದ್ದ ಚಿಕ್ಕ ಶಾರ್ಕ್ ಮೀನುಗಳು ಮರಳಿ ಬಂದವಂತೆ. ಫಿಲಿಪೈನ್ಸ್ ದೇಶದ ಬೊರಕಾಯ್ ದ್ವೀಪವನ್ನೂ ಅದೇ 2018ರಲ್ಲಿ ಆರು ತಿಂಗಳು ಮುಚ್ಚಿ ಶುದ್ಧಿ ಮಾಡಬೇಕಾಯಿತು.

ನಮ್ಮ ಮಲ್ಪೆಯ ದ್ವೀಪಕ್ಕೆ ಅಂತಹ ಆಜ್ಞೆ ಬೇಕಿಲ್ಲ. ನಿಸರ್ಗವೇ ಬಿಡುವು ಕೊಡುತ್ತದೆ. ಮಳೆಗಾಲದಲ್ಲಿ ಕಡಲು ಉಗ್ರವಾಗುವುದರಿಂದ ಪ್ರವಾಸಿ ದೋಣಿಗಳು ನಿಲ್ಲುತ್ತವೆ. ಮೀನುಗಾರರೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳನ್ನು ದಡಕ್ಕೆಳೆದು ಮೀನುಗಳ ಸಂತಾನವೃದ್ಧಿಗೆ ಅವಕಾಶ ಕೊಡುತ್ತಾರೆ. ಸದಾ ಸಂಚರಿಸುವ ಯತಿಗಳೂ ಮಳೆಗಾಲದಲ್ಲಿ ಒಂದೆಡೆ ನಿಲ್ಲುವ ಚಾತುರ್ಮಾಸ್ಯದ ಸಂಪ್ರದಾಯ ನಮ್ಮ ದೇಶದಲ್ಲಿ ಎಂದಿನಿಂದಲೋ ಇದೆ. ತುಳಿದರೆ ಸಾಯುವ ಸಣ್ಣ ಜೀವಿಗಳು ಹೊರಬರುವ ಕಾಲ ಅದೆಂಬ ಕರುಣೆ ಅದರ ಹಿಂದಿದೆ. ಎಲ್ಲಿ ನಡೆಯಬೇಕೆಂಬುದರಷ್ಟೇ ಎಲ್ಲಿ, ಯಾವಾಗ ನಡೆಯಬಾರದೆಂಬುದೂ ಸಂಚಾರಿಯ ಧರ್ಮ.

ಈ ಲೇಖನವನ್ನೋದಿ ಹೋಗಬೇಡಿರೆಂದು ಯಾರಿಗೂ ಹೇಳುತ್ತಿಲ್ಲ. ಮಕ್ಕಳಿಗೆ ಆ ಕಂಬಗಳನ್ನು ತೋರಿಸಲೇಬೇಕು. ಪುಸ್ತಕ ಕಲಿಸದ ಪಾಠ ಅಲ್ಲಿದೆ. ಆದರೆ ಭಾನುವಾರ, ಸಾಲುರಜೆಗಳನ್ನು ಬಿಟ್ಟು ವಾರದ ನಡುವಿನ ದಿನ, ಬೆಳಗಿನ ಮೊದಲ ದೋಣಿಗೆ ಹೋಗಿರಿ. ಊಟವನ್ನು ಮನೆಯ ಡಬ್ಬಿಯಲ್ಲಿ ಒಯ್ಯಿರಿ. ಕಾಗದ, ಚೀಲ, ಸೀಸೆ ಯಾವುದನ್ನೂ ಅಲ್ಲಿ ಬಿಡದೆ ಚೀಲದಲ್ಲೇ ಹಿಂದಕ್ಕೆ ತನ್ನಿರಿ. ಒದ್ದೆಯಾದ ಬಂಡೆಯ ಮೇಲೆ ಮಕ್ಕಳನ್ನು ಹತ್ತಗೊಡಬೇಡಿರಿ. ಜೀವರಕ್ಷಕರ ಸೀಟಿಯನ್ನು ಗುರುವಾಕ್ಯದಂತೆ ಪಾಲಿಸಿರಿ. ಕಲ್ಲಿನ ಚೂರಾಗಲಿ ಚಿಪ್ಪಾಗಲಿ ನೆನಪಿನ ವಸ್ತುವೆಂದು ತರಬೇಡಿರಿ. ಜಂಗಮವೆಂದರೆ ಚಲಿಸುವುದು, ಚಲಿಸುವವನ ಹಿಂದೆ ಕಸವೂ ಉಳಿಯಬಾರದು, ಕೊರತೆಯೂ ಉಳಿಯಬಾರದು.

ಮರುದಿನ ತಣಿಸಂದ್ರಕ್ಕೆ ಬಂದಿಳಿದಾಗ ಮುಖ್ಯರಸ್ತೆಯಲ್ಲಿ ಎಂದಿನಂತೆ ವಾಹನಗಳು ಉಸಿರುಗಟ್ಟಿ ನಿಂತಿದ್ದವು. "ನಮ್ಮ ಊರೂ ದ್ವೀಪದಂತೆಯೇ ಆಗಿದೆ ತಾತ, ಎಲ್ಲಿಂದಲೋ ಬಂದು ತುಂಬಿಕೊಂಡಿದ್ದಾರೆ" ಎಂದ ಮೊಮ್ಮಗ. ನಾನು ನಕ್ಕೆ. ಹೊಲ, ತೋಟ, ಕೆರೆಗಳ ಈ ಹಳ್ಳಿಗೆ ನಾವೂ ಒಂದು ದಿನ ಎಲ್ಲಿಂದಲೋ ಬಂದು ಮನೆ ಕಟ್ಟಿದವರೇ. ಆ ದಿನ ಇಲ್ಲಿಯ ಹಳಬರು ನಮ್ಮನ್ನು ನೋಡಿ ಏನೆಂದುಕೊಂಡಿದ್ದರೋ! ಜನಜಂಗುಳಿಯೆಂದು ದೂರುವವನು ಮೊದಲು ತನ್ನನ್ನು ಎಣಿಸಿಕೊಳ್ಳಬೇಕು. ಎಣಿಸಿಕೊಂಡ ಮೇಲೆ, ತಾನಿರುವ ನೆಲಕ್ಕೆ ತನ್ನ ಭಾರವನ್ನು ಎಷ್ಟು ಕಡಿಮೆ ಮಾಡಬಹುದೆಂದು ಯೋಚಿಸಬೇಕು. ಕಡಲ ನಡುವಿನ ದ್ವೀಪಕ್ಕೂ, ಮನೆಯ ಮುಂದಿನ ಕೆರೆಗೂ ಇದೊಂದೇ ನಿಯಮ.

ಮನೆಗೆ ಬಂದು ಚೀಲವನ್ನು ಕೊಡವಿದಾಗ ಮೂಲೆಯಿಂದ ಒಂದು ಚಿಪ್ಪು ಕೆಳಗೆ ಬಿತ್ತು. ಬೆರಳುಗುರಿನಷ್ಟು ಚಿಕ್ಕದು, ಬಿಳುಪು, ಅಂಚಿನಲ್ಲಿ ತುಸು ಕೆಂಪು. ಸಣ್ಣ ಮೊಮ್ಮಗಳು ಬೇಕೆಂದು ಕೈನೀಡಿದಳು. "ಇದು ನಮ್ಮದಲ್ಲಮ್ಮ, ನೋಡಿ ಕೊಟ್ಟುಬಿಡು" ಎಂದೆ. ಈ ಸಾಲುಗಳನ್ನು ಬರೆಯುತ್ತಿರುವಾಗಲೂ ಅದು ನನ್ನ ಮೇಜಿನ ಮೇಲಿದೆ, ತೀರಿಸಬೇಕಾದ ಸಾಲದಂತೆ. ಮಳೆಗಾಲ ಕಳೆದು ದೋಣಿಗಳು ಮತ್ತೆ ಹೊರಡುವಾಗ ಅದನ್ನು ಹಿಂದಕ್ಕೆ ಒಯ್ಯುವುದಾಗಿ ಮೊಮ್ಮಗ ಮಾತು ಕೊಟ್ಟಿದ್ದಾನೆ. ಈ ಬಾರಿ ನನ್ನ ಬಟ್ಟೆಯ ಚೀಲ ಸಾಕೆಂದೂ ಹೇಳಿದ್ದಾನೆ. ಒಬ್ಬನೇ ಹೋಗಲು ಅವನ ತಾಯಿ ಒಪ್ಪುವಳೋ ಇಲ್ಲವೋ ನೋಡಬೇಕು.